ಝೆರಾಕ್ಸ್ ಮುಚ್ಚಳ ಎತ್ತಿಸಿದವರು ಯಾರು

ಸಾಬೀತು ಮಾಡದೆ ನನಗೆ ಈ ಜನ್ಮದಲ್ಲಿ ಸಿಕ್ಕಿದ್ದು ಜ್ವರ ಒಂದೇ. ಅದಕ್ಕೂ ಕಾಲೇಜಿನವರು ಡಾಕ್ಟರ ಚೀಟಿ ಕೇಳಿದರು. ಜಾತಿಗೆ ಒಂದು ಸರ್ಟಿಫಿಕೇಟು, ಆದಾಯಕ್ಕೆ ಒಂದು, ನಾನು ಮಂಗಳೂರಿನ ಬೋಳಾರದಲ್ಲೇ ಇದ್ದೇನೆ ಎನ್ನುವುದಕ್ಕೆ ಒಂದು, ಅಪ್ಪ ತೀರಿಕೊಂಡಿದ್ದಾರೆ ಎನ್ನುವುದಕ್ಕೆ ಇನ್ನೊಂದು. ಸ್ಕಾಲರ್‌ಶಿಪ್ಪಿನ ಕೌಂಟರಿನಲ್ಲಿ ಕೂತಿದ್ದವರು ಒಮ್ಮೆ ನನ್ನ ಮುಖವನ್ನೂ ಕೈಯಲ್ಲಿದ್ದ ಕಾಗದವನ್ನೂ ನೋಡಿ, "ತಂದೆ ಇಲ್ಲ ಅಂತ ಹೇಳುವುದಕ್ಕೆ ಒರಿಜಿನಲ್ ಉಂಟಾ?" ಎಂದು ಕೇಳಿದ್ದರು. ಇಷ್ಟೆಲ್ಲ ಕಾಗದ ಹೊತ್ತು ತಿರುಗಿದವಳಿಗೆ ದೇವರ ಮೇಲೆ ಮೊದಲು ಬಂದದ್ದು ಹೊಟ್ಟೆಕಿಚ್ಚು, ಆಮೇಲೆ ಅನುಮಾನ. ಅವನ ಹತ್ತಿರ ಯಾರೂ ಒಂದು ಝೆರಾಕ್ಸ್ ಪ್ರತಿ ಕೂಡ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮದು ಕಡಲಿಗೆ ಹೋಗುವ ಕುಟುಂಬ. ಗಂಡಸರು ಬೋಟಿಗೆ, ಹೆಂಗಸರು ಬುಟ್ಟಿಗೆ. ಈ ಮನೆಗೆ ಡಿಗ್ರಿ ಎಂಬುದನ್ನು ಮೊದಲು ತಂದವಳು ನಾನು. ಬಿ.ಎ. ಆದ ಮೇಲೆ ಹಗಲು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ಸಂಜೆ ತರಗತಿಗೆ ಹೋಗಿ, ಕಾನೂನು ಓದಿದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುವುದು. ವಿನಯವೆಲ್ಲ ಅಜ್ಜನ ಕಾಲದಿಂದ ಓದಿಕೊಂಡು ಬಂದ ಮನೆಗಳ ಮಕ್ಕಳಿಗೆ ಚೆಂದ.

ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಸಾಕ್ಷ್ಯ ಕಾಯ್ದೆ. ಮೊದಲ ಸಲ ಫೇಲಾದದ್ದೂ ಅದರಲ್ಲೇ. ಒಂದು ಸಂಗತಿ ಉಂಟು ಎಂದು ಯಾರು ಹೇಳುತ್ತಾರೋ ಅವರೇ ಅದನ್ನು ತೋರಿಸಿಕೊಡಬೇಕು, ರುಜುವಾತಿನ ಹೊಣೆ ಅವರದ್ದು ಎಂಬ ಮಾತನ್ನು ಓದಿದಾಗ, ಯಾರೋ ನನ್ನ ಪರವಾಗಿ ಮೊದಲೇ ಎದ್ದು ನಿಂತು ವಾದಿಸಿದ ಹಾಗೆ ಅನ್ನಿಸಿತ್ತು. ಈಗ ಆ ಕಾಯ್ದೆಯ ಹೆಸರು ಬದಲಾಗಿದೆ, ಸೆಕ್ಷನ್ನುಗಳ ನಂಬರೂ ಬದಲಾಗಿವೆ. ಆ ಮಾತು ಮಾತ್ರ ಹಾಗೆಯೇ ಉಳಿದಿದೆ.

ಆಗ ನಾನು ಕೊಟ್ಟಾರದ ಒಬ್ಬ ವಕೀಲರ ಆಫೀಸಿನಲ್ಲಿ ಜೂನಿಯರ್ ಆಗಿದ್ದೆ. ಪಕ್ಕದ ಮೇಜಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರಾದ ಇನ್ನೊಬ್ಬ ವಕೀಲರು ಕೂರುತ್ತಿದ್ದರು. ಅರ್ಚಕರ ಮನೆತನ. ಬೆಳಿಗ್ಗೆ ಕುಟುಂಬದ ದೇವಸ್ಥಾನದಲ್ಲಿ ಪೂಜೆ, ಆಮೇಲೆ ಕೋರ್ಟು. ಕರಿ ಕೋಟಿನಲ್ಲಿ ಇದ್ದಾಗಲೂ ಎಲ್ಲರೂ ಅವರನ್ನು ಭಟ್ರೇ ಎಂದೇ ಕರೆಯುತ್ತಿದ್ದರು. ಹಣೆಯ ಗಂಧ ಒಣಗುವ ಮೊದಲು ಒಂದು ಜಾಮೀನು ಅರ್ಜಿ ಬರೆದು ಮುಗಿಸುವಷ್ಟು ಚುರುಕು. ಮಧ್ಯಾಹ್ನದ ಚಹಾದ ಹೊತ್ತಿಗೆ ನಮ್ಮಿಬ್ಬರ ಒಂದು ಕೇಸು ದಿನವೂ ನಡೆಯುತ್ತಿತ್ತು. ತೀರ್ಪು ಕೊಡುವವರು ಯಾರೂ ಇರಲಿಲ್ಲ.

"ದೇವರಿಲ್ಲ ಅಂತ ನೀನು ಪ್ರೂವ್ ಮಾಡು. ನಾನು ನಾಳೆಯಿಂದ ಪೂಜೆ ಬಿಡ್ತೇನೆ, ಬೆಳಿಗ್ಗೆ ಎರಡು ಗಂಟೆ ಹೆಚ್ಚು ಮಲಗ್ಲಿಕ್ಕೆ ಆಗ್ತದೆ," ಎನ್ನುತ್ತಿದ್ದರು.

"ನಾನು ಯಾಕೆ ಮಾಡ್ಬೇಕು ಭಟ್ರೆ? ಉಂಟು ಅಂತ ಹೇಳಿದ್ದು ನೀವು. ನೀವು ತೋರಿಸಿ."

"ಇಲ್ಲ ಅಂತ ಹೇಳುವುದೂ ಒಂದು ಹೇಳಿಕೆಯೇ ಅಲ್ವಾ ಮಾರಾಯ್ತಿ?"

"ಅಳಿವೆಬಾಗಿಲಲ್ಲಿ ಇಂಗ್ಲಿಷ್ ಮಾತಾಡುವ ಒಂದು ಬಂಗುಡೆ ಮೀನು ಉಂಟು ಅಂತ ನಾನು ಹೇಳ್ತೇನೆ. ಇಲ್ಲ ಅಂತ ನೀವು ಪ್ರೂವ್ ಮಾಡಿ ನೋಡುವ."

"ಯಾರ ಹತ್ತಿರ ಮಾತಾಡ್ತದೆ ಅದು?"

"ನಂಬಿದವರ ಹತ್ತಿರ ಮಾತ್ರ."

ಭಟ್ಟರಿಗೆ ಚಹಾ ಮೂಗಿಗೆ ಹತ್ತಿತು. ಕೆಮ್ಮಿ, ಒರೆಸಿಕೊಂಡು, ಅವರು ವಕೀಲರ ಬುದ್ಧಿ ತೋರಿಸಿದರು. "ನಿನ್ನ ಬಂಗುಡೆಗೆ ಯಾರಾದ್ರೂ ದೀಪ ಇಟ್ಟಿದ್ದಾರಾ? ನಮ್ಮ ದೇವರು ತಲೆತಲಾಂತರದಿಂದ ಪೊಸೆಶನ್‌ನಲ್ಲಿ ಇದ್ದಾನೆ. ಜಾಗದಲ್ಲಿ ಕೂತವನನ್ನು, ನೀನು ಯಜಮಾನ ಅಲ್ಲ ಅಂತ ಎಬ್ಬಿಸಬೇಕಾದ್ರೆ, ಎಬ್ಬಿಸ್ಲಿಕ್ಕೆ ಬಂದವರೇ ಪ್ರೂವ್ ಮಾಡ್ಬೇಕು. ಅದೂ ಅದೇ ಕಾಯ್ದೆಯಲ್ಲಿ ಉಂಟು. ಓದಿದ್ದಿಯಲ್ಲ?"

ಓದಿದ್ದೆ. ಮೊದಲ ಸಲ ನಾನು ಬಿದ್ದದ್ದು ಆ ಪ್ರಶ್ನೆಯಲ್ಲೇ. ವಾದದಲ್ಲಿ ಸೋತವರು ಚಹಾದ ಲೋಟ ತೊಳೆಯಬೇಕು. ಅವತ್ತು ಆ ಕೆಲಸ ನನಗೆ ಬಿತ್ತು.

ಇದೆಲ್ಲ ಆಫೀಸಿನ ಆಟ. ಮನೆಯಲ್ಲಿ ಅಮ್ಮನ ಹತ್ತಿರ ದೇವರು ಉಂಟಾ ಇಲ್ಲವಾ ಎಂಬ ಪ್ರಶ್ನೆ ಬರುವುದೇ ಇಲ್ಲ, ಏಕೆಂದರೆ ಅವಳಿಗೆ ದೇವರಿಗಿಂತ ಅಜ್ಜ ಹತ್ತಿರ. ನಮ್ಮ ಓಣಿಯ ಕೊನೆಯಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಕಲ್ಲು. ಆ ಕಲ್ಲಿನ ದೈವವನ್ನು ಎಲ್ಲರೂ ಅಜ್ಜ ಎನ್ನುತ್ತಾರೆ. ಏನಾದರೂ ಕಳೆದುಹೋದರೆ ನಮ್ಮವರು ಪೊಲೀಸರಿಗಿಂತ ಮೊದಲು ಹೇಳುವುದು ಅಜ್ಜನಿಗೆ. ಸಿಕ್ಕಿದರೆ ವೀಳ್ಯದೆಲೆ, ಚಕ್ಕುಲಿ, ಶೇಂದಿ. ಶೇಂದಿ ಸಿಗದವರು ವೈನ್‌ಶಾಪಿನಿಂದ ಒಂದು ಕ್ವಾರ್ಟರ್ ತಂದಿಡುತ್ತಾರೆ. ಅಜ್ಜ ಇದಕ್ಕೆ ತಕರಾರು ಮಾಡಿದ್ದನ್ನು ಯಾರೂ ಕೇಳಿಲ್ಲ.

ಅಮ್ಮ ಕುಲಶೇಖರದ ಮನೆಗಳಿಗೆ ಮೀನು ಕೊಡುವವಳು. ಬಂದರಿನಲ್ಲಿ ಬುಟ್ಟಿ ತುಂಬಿಸಿ, ಬಸ್ಸಿನಲ್ಲಿ ಹೋಗಿ, ಮನೆಮನೆಯ ಹಿಂದಿನ ಬಾಗಿಲಲ್ಲಿ ಕೂತು, ಮೆಟ್ಟುಕತ್ತಿಯಲ್ಲಿ ಮೀನು ಹೆಚ್ಚಿ ಕೊಟ್ಟು ಬರುತ್ತಾಳೆ. ಆ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಹೆಚ್ಚುಕಡಿಮೆ ಹೋದಂತೆಯೇ. ಮೀನು ತಾಜಾ ಹೌದೋ ಎಂದು ಕಣ್ಣಿನಿಂದ ನೋಡುತ್ತಿದ್ದವಳು ಬೆರಳಿನಿಂದ ಕಿವಿರು ಒತ್ತಿ, ಮೂಸಿ ಹೇಳತೊಡಗಿದ್ದಳು. ಒಂದು ದಿನ ಅಂಜಲ್ ಮೀನು ಹೆಚ್ಚುವಾಗ ಹೆಬ್ಬೆರಳನ್ನೂ ಸೇರಿಸಿ ಹೆಚ್ಚಿದಳು. ಮೂರು ಹೊಲಿಗೆ ಬಿತ್ತು. ಆಗ ನಾನು ಜಗಳವಾಡಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಎಂದು ಡಾಕ್ಟರು ಬಲಗಣ್ಣಿನ ಆಪರೇಷನ್ನಿಗೆ ತಾರೀಖು ಕೊಟ್ಟರು. ತಡ ಮಾಡಿದರೆ ಪೊರೆ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟ ಎಂದೂ ಹೇಳಿದರು.

ಅದೇ ಹೊತ್ತಿಗೆ ನನಗೆ ಒಂದು ಸಹಕಾರಿ ಬ್ಯಾಂಕಿನ ಕಾನೂನು ವಿಭಾಗದಲ್ಲಿ ಕೆಲಸ ಆಗುವಂತಿತ್ತು. ಸಂದರ್ಶನ ಮುಗಿದಿತ್ತು. ಒಂದು ಮಂಗಳವಾರ ಮೂಲ ದಾಖಲೆಗಳನ್ನು ತೋರಿಸಬೇಕಿತ್ತು. ಹಿಂದಿನ ಭಾನುವಾರ ಫೈಲು ತೆರೆದರೆ ಎಲ್ಲ ಉಂಟು, ಎಲ್‌ಎಲ್‌ಬಿ ಪದವಿ ಪ್ರಮಾಣಪತ್ರ ಇಲ್ಲ.

ಆ ಪ್ರಮಾಣಪತ್ರದ ಬಗ್ಗೆ ಒಂದು ಮಾತು ಹೇಳಬೇಕು. ಅದು ಮನೆಗೆ ಬಂದ ದಿನ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಅಭ್ಯಾಸಬಲದಿಂದ ಮೂಸಿ ನೋಡಿದ್ದಳು. ಮರುದಿನ ನಾನು ಕೆಲಸಕ್ಕೆ ಹೋದಾಗ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದಳು. ಲ್ಯಾಮಿನೇಷನ್ ಮಾಡಿದರೆ ಮುದ್ರೆಯನ್ನು ಮುಟ್ಟಿ ಪರೀಕ್ಷಿಸಲು ಆಗುವುದಿಲ್ಲ, ಮಾಡಬಾರದು ಎಂಬುದು ಓದಿದವರ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಗೊತ್ತಿರಲಿಲ್ಲ. ಮಳೆ, ಮೀನು, ಉಪ್ಪುಗಾಳಿ ಈ ಮೂರರಿಂದ ಕಾಪಾಡಬೇಕಾದ ವಸ್ತು ಎಂದು ಅವಳಿಗೆ ಅನ್ನಿಸಿತ್ತು, ಕಾಪಾಡಿದ್ದಳು. ನನಗೆ ಬಯ್ಯಲು ಬಾಯಿ ಬರಲಿಲ್ಲ.

ಭಾನುವಾರ ಇಡೀ ಮನೆ ಹುಡುಕಿದೆವು. ಹುಡುಕಿದೆವು ಎಂದರೆ ನಾನು ಹುಡುಕಿದೆ, ಅಮ್ಮ ತಡಕಾಡಿದಳು. ಗುರುವಾರ ಆಫೀಸಿನ ಎದುರಿನ ಅಂಗಡಿಯಲ್ಲಿ ಎಲ್ಲದಕ್ಕೂ ಝೆರಾಕ್ಸ್ ಮಾಡಿಸಿದ್ದು ನೆನಪಿತ್ತು. ಸೋಮವಾರ ಬೆಳಿಗ್ಗೆ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಯಂತ್ರದ ಮುಚ್ಚಳ ಎತ್ತಿ ನೋಡಿ, "ಗ್ಲಾಸಿನ ಮೇಲೆ ಎಂತದೂ ಇಲ್ಲ ಮೇಡಂ," ಎಂದರು. ನಾನು ಬಸ್ಸಿನಲ್ಲಿ ಬಿಟ್ಟಿರಬೇಕು ಎಂದು ಅಳು ಬಂತು. ನಕಲು ಪ್ರತಿ ತರಿಸಲು ತಿಂಗಳುಗಟ್ಟಲೆ ಬೇಕು. ಬ್ಯಾಂಕಿನವರು ಅಷ್ಟು ದಿನ ಯಾಕೆ ಕಾಯುತ್ತಾರೆ.

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯವರೇ ಫೋನ್ ಮಾಡಿದರು. ನಗುತ್ತಿದ್ದರು. ಆದದ್ದಿಷ್ಟು: ಗುರುವಾರ ನಾನು ಪ್ರಮಾಣಪತ್ರವನ್ನು ಗ್ಲಾಸಿನ ಮೇಲೆಯೇ ಬಿಟ್ಟಿದ್ದೆ. ಲ್ಯಾಮಿನೇಷನ್ನಿನ ಪ್ಲಾಸ್ಟಿಕ್ಕು, ಮಳೆಗಾಲದ ಪಸೆ, ಯಂತ್ರದ ಬಿಸಿ ಎಲ್ಲ ಸೇರಿ ಅದು ಮೇಲಿನ ಮುಚ್ಚಳದ ಒಳಬದಿಗೆ ಅಂಟಿಕೊಂಡಿತ್ತು. ಮುಚ್ಚಳ ಎತ್ತಿದವರು ಎಲ್ಲರೂ ನೋಡಿದ್ದು ಕೆಳಗಿನ ಗ್ಲಾಸನ್ನು. ದೊಡ್ಡ ಕಾಗದದ ಪ್ರತಿ ತೆಗೆದವರಿಗೆ ಗೊತ್ತಾಗಿರಲಿಲ್ಲ. ಆದರೆ ಸಣ್ಣ ಕಾರ್ಡುಗಳ ಪ್ರತಿ ತೆಗೆದವರಿಗೆಲ್ಲ, ಕಾರ್ಡಿನ ಸುತ್ತಲಿನ ಖಾಲಿ ಜಾಗದಲ್ಲಿ ನನ್ನ ಪದವಿ ಮಸುಕಾಗಿ ಮೂಡಿ ಬಂದಿತ್ತು. ನಾಲ್ಕು ದಿನದಲ್ಲಿ ಕೊಟ್ಟಾರದ ಎಷ್ಟು ಜನ ನನ್ನ ಎಲ್‌ಎಲ್‌ಬಿಯನ್ನು ಹಿನ್ನೆಲೆಗೆ ಇಟ್ಟುಕೊಂಡು ಸಿಮ್ ಕಾರ್ಡು ತೆಗೆದುಕೊಂಡರೋ. ಕೊನೆಗೆ ಒಬ್ಬ ಆಟೋದವರು ತಮ್ಮ ಲೈಸೆನ್ಸಿನ ಪ್ರತಿ ಹಿಡಿದುಕೊಂಡು ವಾಪಸು ಬಂದು, "ನಾನು ಆಟೋ ಓಡಿಸುವವ. ನನ್ನನ್ನು ವಕೀಲ ಮಾಡಿದ್ದು ಯಾರು?" ಎಂದು ಕೇಳಿದರಂತೆ. ಆಗ ಮುಚ್ಚಳದ ಒಳಬದಿ ನೋಡಿದರು.

ಮಂಗಳವಾರ ದಾಖಲೆ ತೋರಿಸಿದೆ. ಬ್ಯಾಂಕಿನ ಅಧಿಕಾರಿ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು, "ಯಾರು ಮಾಡಿಸಿದ್ದು ಇದು?" ಎಂದು ಮುಖ ಸಿಂಡರಿಸಿದರು. ನಾನು, ನಾನೇ ಎಂದೆ. ವಿಶ್ವವಿದ್ಯಾಲಯಕ್ಕೆ ಬರೆದು ಖಚಿತಪಡಿಸಿಕೊಳ್ಳುತ್ತೇವೆ ಎಂದರು. ವಾರದೊಳಗೆ ಕೆಲಸದ ಪತ್ರ ಬಂತು.

ಪತ್ರ ಬಂದ ಸಂಜೆ ಅಮ್ಮ, "ಅಜ್ಜನ ಹತ್ತಿರ ಯಾವಾಗ ಹೋಗುವ?" ಎಂದು ಕೇಳಿದಳು. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿರಬಹುದು.

"ಎಂತಕ್ಕೆ?"

"ಸೋಮವಾರ ಬೆಳಿಗ್ಗೆ ಹೇಳಿಕೊಂಡಿದ್ದೆ. ಕಾಗದ ಸಿಕ್ಕಿದ್ರೆ ಮಗಳೇ ಬಂದು, ಅವಳ ಕೈಯಿಂದಲೇ ಎಲೆ, ಚಕ್ಕುಲಿ, ಒಂದು ಕ್ವಾರ್ಟರ್ ಇಡ್ತಾಳೆ ಅಂತ. ಬೆಳಿಗ್ಗೆ ಹೇಳಿದ್ದು, ಮಧ್ಯಾಹ್ನ ಸಿಕ್ಕಿತು."

"ಸಿಕ್ಕಿದ್ದು ಆ ಆಟೋದವರಿಂದ ಅಮ್ಮ."

"ಅವನನ್ನು ಅಲ್ಲಿಗೆ ಕಳಿಸಿದ್ದು ಯಾರು?"

"ಅವರ ಲೈಸೆನ್ಸು."

"ಮೂರು ದಿನ ಯಾರಿಗೂ ಕಾಣದ್ದು ನಾನು ಹೇಳಿಕೊಂಡ ದಿನವೇ ಯಾಕೆ ಕಂಡಿತು?"

ನಾನು ನನ್ನ ಕಾಯ್ದೆ ತೆಗೆದೆ. "ಅಜ್ಜ ಹುಡುಕಿಕೊಟ್ಟ ಅಂತ ಹೇಳುವವಳು ನೀನು. ನೀನು ಪ್ರೂವ್ ಮಾಡು."

"ಕಾಗದ ನಿನ್ನ ಕೈಯಲ್ಲಿ ಉಂಟು. ಇನ್ನೆಂತ ಪ್ರೂಫು? ಅಜ್ಜ ಅಲ್ಲ ಅಂತ ನೀನು ಮಾಡು."

ಭಟ್ಟರು ಮತ್ತು ಅಮ್ಮ ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿದವರಲ್ಲ. ಆದರೂ ಇಬ್ಬರ ವಕೀಲಿಕೆ ಒಂದೇ. ಆಗ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಕುಲಶೇಖರದಲ್ಲಿ ಅಮ್ಮನಿಂದ ಖಾಯಂ ಮೀನು ಕೊಳ್ಳುವ ಒಬ್ಬರು ಕ್ರಿಶ್ಚಿಯನ್ ಅಜ್ಜಿ ಇದ್ದಾರೆ. ಸೋಮವಾರ ಅಮ್ಮನ ಮುಖ ನೋಡಿ, ವಿಷಯ ಕೇಳಿ, ಅವರೂ ಕಳೆದದ್ದು ಹುಡುಕಿಕೊಡುವ ತಮ್ಮ ಸಂತರಿಗೆ ಅವತ್ತೇ ಮೇಣದಬತ್ತಿ ಹಚ್ಚಿದ್ದರಂತೆ.

"ಹಾಗಾದ್ರೆ ಹುಡುಕಿದ್ದು ಯಾರು? ಅಜ್ಜನಾ, ಸಂತರಾ?" ಎಂದೆ. ಇಬ್ಬರು ಹಕ್ಕುದಾರರು ಎದ್ದು ನಿಂತರೆ ಇಬ್ಬರ ಕೇಸೂ ಸಡಿಲವಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಇಬ್ಬರೂ ಸೇರಿ ಹುಡುಕಿರ್ಬೇಕು. ಕೊಟ್ಟಾರ ಎಂತ ಸಣ್ಣ ಜಂಕ್ಷನ್ನಾ?"

ನಾನು ನಗಬಾರದಿತ್ತು, ನಕ್ಕೆ. ನಕ್ಕದ್ದರಿಂದ ಅವಳು ಗೆದ್ದೆ ಅಂದುಕೊಂಡಳು. ಅವಳು ಗೆದ್ದೆ ಅಂದುಕೊಂಡದ್ದರಿಂದ ನನಗೆ ಸಿಟ್ಟು ಬಂತು. "ನಾನು ಬರುವುದಿಲ್ಲ. ಹರಕೆ ಹೇಳಿದ್ದು ನೀನು. ನನ್ನ ಹೆಸರಲ್ಲಿ ನೀನು ಕೊಟ್ಟ ಮಾತಿಗೆ ನಾನು ಬದ್ಧಳಲ್ಲ," ಎಂದೆ.

"ಆಯ್ತು," ಎಂದಳು. ಅವಳು ಆಯ್ತು ಎಂದರೆ ಆಗುವುದಿಲ್ಲ ಎಂದು ಅರ್ಥ. "ಹಾಗಾದ್ರೆ ಆಪರೇಷನ್ನಿಗೆ ನಾನೂ ಬರುವುದಿಲ್ಲ. ಅಜ್ಜನಿಗೆ ಕೊಟ್ಟ ಮಾತು ತಪ್ಪಿಸಿಕೊಂಡು ಕಣ್ಣಿಗೆ ಕತ್ತಿ ಹಾಕಿಸುವಷ್ಟು ಧೈರ್ಯ ನನಗೆ ಇಲ್ಲ."

ತಾರೀಖಿಗೆ ಹನ್ನೊಂದು ದಿನ ಇತ್ತು. ಹೆದರಿಸಲಿಕ್ಕೆ ಹೇಳಿದ್ದು ಅಂದುಕೊಂಡೆ. ಮರುದಿನ ಆಸ್ಪತ್ರೆಯವರು ರಕ್ತಪರೀಕ್ಷೆಗೆ ಬರಲು ಫೋನ್ ಮಾಡಿದಾಗ ಅವಳು ನನ್ನ ಎದುರೇ, "ಈಗ ಬರ್ಲಿಕ್ಕೆ ಆಗುವುದಿಲ್ಲ, ಮನೆಯಲ್ಲಿ ಸ್ವಲ್ಪ ತಕರಾರು ಉಂಟು," ಎಂದು ಇಟ್ಟುಬಿಟ್ಟಳು. ಅವತ್ತು ರಾತ್ರಿ ಅವಳು ಅಡುಗೆಮನೆಯಲ್ಲಿ ಮೆಣಸಿನಪುಡಿಯ ಡಬ್ಬ ಎಂದು ಅರಸಿನದ ಡಬ್ಬ ತೆಗೆದು, ಸಾರು ಹಳದಿಯಾದದ್ದನ್ನು ನೋಡದೆಯೇ ಬಡಿಸಿದಳು. ನಾನು ಅದನ್ನೇ ಉಂಡೆ.

ಆಫೀಸಿನಲ್ಲಿ ಭಟ್ಟರಿಗೆ ಹೇಳಿದೆ. ಅವರು ಗೆದ್ದವರ ಹಾಗೆ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಹಿಗ್ಗಲಿಲ್ಲ.

"ಒಂದು ಕ್ವಾರ್ಟರ್ ಇಟ್ಟು ಬಾ ಮಾರಾಯ್ತಿ. ಎಂತ ಮಂಡೆಬಿಸಿ ಮಾಡ್ಕೊಳ್ತಿ? ಅಜ್ಜ ರಶೀದಿ ಬರೆದು ಕೊಡುವುದಿಲ್ಲ."

"ಇಟ್ಟರೆ ಒಪ್ಪಿಕೊಂಡ ಹಾಗಾಗ್ತದೆ ಭಟ್ರೆ. ಅಡ್ಮಿಷನ್."

"ಯಾರ ಎದುರು? ನಿನ್ನ ಪ್ರಕಾರ ಅಲ್ಲಿ ಯಾರೂ ಇಲ್ಲ. ಜಡ್ಜೇ ಇಲ್ಲದ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ್ರೆ ಎಂತ ಶಿಕ್ಷೆ?"

"ಅಮ್ಮ ಇದ್ದಾಳಲ್ಲ."

ಭಟ್ಟರು ಪೆನ್ನಿನ ಮುಚ್ಚಳ ಹಾಕಿದರು. "ನಾನು ದಿನಾ ಕಲ್ಲಿಗೆ ನೀರು ಹಾಕ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ, ಭಟ್ರೇ ನಿಮಗೆ ನಂಬಿಕೆ ಉಂಟಾ ಅಂತ ಕೇಳ್ಲಿಲ್ಲ. ಪ್ರಸಾದಕ್ಕೆ ಎಷ್ಟು ಹೊತ್ತು ಉಂಟು ಅಂತ ಮಾತ್ರ ಕೇಳ್ತಾರೆ. ನಿನಗೆ ಸಿಟ್ಟು ಅಜ್ಜನ ಮೇಲೆ ಅಲ್ಲ. ಯಾರ ಮೇಲೆ ಅಂತ ನೋಡಿಕೋ."

ಅವರು ಹೇಳಿದ್ದು ಸರಿ ಇತ್ತು. ಕ್ವಾರ್ಟರ್ ನನಗೆ ದೊಡ್ಡ ವಿಷಯವಾಗಿರಲಿಲ್ಲ. ಸಹಿಸಲು ಆಗದಿದ್ದದ್ದು ಹಿಂದಿನ ರಾತ್ರಿಯ ಜಗಳದಲ್ಲಿ ಅವಳು ಆಡಿದ ಒಂದು ಮಾತು. ನಾನು, "ನನ್ನ ಕಾಗದ ಸಿಕ್ಕಿದ್ದೂ ಅಜ್ಜನಿಂದ, ನಾಳೆ ನಾನು ಪಾಸಾದದ್ದೂ ಅಜ್ಜನಿಂದ ಅಂತ ಹೇಳ್ತಿ," ಎಂದಿದ್ದೆ. ಅವಳು, "ಮತ್ತೆ? ಪ್ರತಿ ಪರೀಕ್ಷೆಗೂ ನಾನು ಹರಕೆ ಹೇಳಿಕೊಂಡಿದ್ದೆ," ಎಂದಿದ್ದಳು. "ಹಾಗಾದ್ರೆ ನಾನು ಫೇಲಾದದ್ದು?" ಎಂದು ಕೇಳಿದಾಗ, "ಆ ಒಂದಕ್ಕೆ ಹೇಳಿಕೊಳ್ಳಲಿಕ್ಕೆ ಮರೆತು ಹೋಗಿತ್ತು," ಎಂದಿದ್ದಳು.

ಇಂಥ ವಾದಕ್ಕೆ ಯಾವ ಕಾಯ್ದೆಯಲ್ಲೂ ಉತ್ತರ ಇಲ್ಲ. ಗೆದ್ದದ್ದೆಲ್ಲ ಅಜ್ಜನದ್ದು, ಸೋತದ್ದು ಮಾತ್ರ ನನ್ನದು. ಬಟ್ಟೆ ಅಂಗಡಿಯಲ್ಲಿ ಹಗಲಿಡೀ ನಿಂತು ಕಾಲು ಬಾತು, ಬಸ್ಸಿನಲ್ಲಿ ಕಂಬಕ್ಕೆ ಒರಗಿ ನೋಟ್ಸು ಓದಿದ್ದಕ್ಕೆ ಸಾಕ್ಷಿ ಯಾರು? ಇದ್ದ ಒಬ್ಬಳೇ ಸಾಕ್ಷಿ ಆ ಕಡೆಯವಳಾದರೆ ಮನುಷ್ಯರು ಏನು ಮಾಡಬೇಕು?

ಆ ಶನಿವಾರ ಅಮ್ಮನಿಗೆ ಇದನ್ನೇ ಹೇಳಿದೆ, ಸ್ವಲ್ಪ ಜೋರಾಗಿ. ಅವಳು ಹೆಬ್ಬೆರಳಿನ ಹೊಲಿಗೆಯನ್ನು ಇನ್ನೊಂದು ಕೈಯಿಂದ ಸವರುತ್ತ ಕೇಳಿದಳು. ಆಮೇಲೆ, "ಇದನ್ನೆಲ್ಲ ನನ್ನ ಹತ್ತಿರ ಯಾಕೆ ಬೊಬ್ಬೆ ಹಾಕ್ತಿ? ಅಜ್ಜನ ಎದುರು ಹೋಗಿ ಹೇಳು. ನೀನು ಹುಡುಕಿದ್ದಲ್ಲ, ಹರಕೆ ಕೊಡುವುದಿಲ್ಲ ಅಂತ ಅಲ್ಲೇ ಹೇಳು. ಹೇಳಿ ಬಂದ್ರೆ ನಾನು ಆಪರೇಷನ್ನಿಗೆ ಬರ್ತೇನೆ. ತಪ್ಪಿಸಿಕೊಂಡು ಕೂತ್ರೆ ಇಲ್ಲ," ಎಂದಳು.

ಇದು ಅವಳು ಹೊಸದಾಗಿ ಮಾಡಿದ ನಿಯಮವಲ್ಲ. ಜಾಗದ ಜಗಳ, ಬಲೆಯ ಜಗಳ, ಯಾರು ಯಾರ ಮೇಲೆ ಏನು ಹೇಳಿದರು ಎಂಬ ಜಗಳ ಎಲ್ಲದಕ್ಕೂ ನಮ್ಮ ಓಣಿಯವರು ಆ ಕಟ್ಟೆಯ ಎದುರು ನಿಂತು ತಮ್ಮ ತಮ್ಮ ಕಡೆಯ ಮಾತು ಹೇಳಿದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ವಕೀಲರಿಲ್ಲ, ಮುಂದಿನ ತಾರೀಖು ಇಲ್ಲ. ಒಂದೇ ಒಂದು ಕಟ್ಟಳೆ: ಕಟ್ಟೆಯ ಎದುರು ಸುಳ್ಳು ಹೇಳಬಾರದು.

ನಾನು ಒಪ್ಪಿದೆ. ಒಪ್ಪಿದ ಮೇಲೆ ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ. ಕೇಸು ಸೋತರೂ ಕೋರ್ಟ್ ಫೀಸು ಕಟ್ಟಬೇಕಲ್ಲ ಎಂದು ಸಮಾಧಾನ ಹೇಳಿಕೊಂಡು ಭಾನುವಾರ ಮಧ್ಯಾಹ್ನ ಜೀವನದಲ್ಲಿ ಮೊದಲ ಸಲ ವೈನ್‌ಶಾಪಿನ ಸಾಲಿನಲ್ಲಿ ನಿಂತೆ. ಗಂಡಸರೆಲ್ಲ ಫೋನ್ ನೋಡುವ ನಾಟಕ ಮಾಡಿದರು. ಕೌಂಟರಿನವರು ನನ್ನನ್ನು ನೋಡಿ, "ಅಜ್ಜನಿಗಾ?" ಎಂದರು. ಹೌದು ಎಂದೆ. "ಮೊದಲೇ ಹೇಳ್ಬಾರದಾ? ಅಜ್ಜನಿಗೆ ಕ್ಯೂ ಇಲ್ಲ," ಎಂದು, ಮುಂದಿದ್ದವರನ್ನು ಪಕ್ಕಕ್ಕೆ ಸರಿಸಿ, ಯಾವ ಬ್ರ್ಯಾಂಡ್ ಎಂದು ನಾನು ಹೇಳುವ ಮೊದಲೇ ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಅವರಿಗೆ ಇದೇ ಆಗುವುದು," ಎಂದರು. ಅವರಿಗೆ ಆದದ್ದು ಇವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಚಪಲವನ್ನು ಹಿಡಿದುಕೊಂಡೆ.

ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಬಿಸಿಲಿತ್ತು. ಅಮ್ಮ ಎಲೆ ಕೊಟ್ಟು, ಅಡಿಕೆ ಕೊಟ್ಟು, ಚಕ್ಕುಲಿಯ ಪ್ಯಾಕೆಟ್ಟು ಹಲ್ಲಿನಿಂದ ಹರಿದು ಕೊಟ್ಟಳು, ನಾನು ಇಟ್ಟೆ. ಬಾಟಲಿಯ ಮುಚ್ಚಳ ತಿರುಗಿಸಲು ನನಗೆ ಬರಲಿಲ್ಲ. ಅವಳು ತೆಗೆದುಕೊಂಡು ಒಂದೇ ತಿರುವಿಗೆ ತೆರೆದು ಕೊಟ್ಟಳು. "ನಿನ್ನ ಅಪ್ಪನ ಹೆಂಡತಿ ನಾನು," ಎಂದಳು.

ಆಮೇಲೆ ನಾನು ಮಾತು ಶುರು ಮಾಡಿದೆ.

"ಅಜ್ಜ, ನೀನು ಇದ್ದಿ ಅಂತ ನನಗೆ ಅನ್ನಿಸುವುದಿಲ್ಲ."

"ಇಲ್ಲದವನ ಹತ್ತಿರ ಯಾಕೆ ಮಾತಾಡ್ತಿ?" ಎಂದಳು ಅಮ್ಮ.

"ನೀನೇ ಹೇಳ್ಲಿಕ್ಕೆ ಹೇಳಿದ್ದಲ್ಲ. ನಡುವೆ ಬಾಯಿ ಹಾಕ್ಬೇಡ."

ಅವಳು ಕೈ ಮುಗಿದು ನಿಂತಳು. ನಾನು ಹೇಳಿದೆ. ಕಾಗದ ಸಿಕ್ಕಿದ್ದು ಆಟೋದವರ ಲೈಸೆನ್ಸಿನಿಂದ ಎಂದೆ. ಇದನ್ನು ತಂದದ್ದು ಅಮ್ಮ ಕೊಟ್ಟ ಮಾತಿಗೆ, ನನ್ನ ಒಪ್ಪಿಗೆ ಎಂದು ತಿಳಿಯಬೇಡ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ಆಗಲಿಲ್ಲ. ಅಂಗಡಿಯ ಕಾಲುನೋವು ಹೇಳಿದೆ. ಫೇಲಾದ ದಿನ ಮನೆಗೆ ಬರದೆ ನದಿಯ ದಡದಲ್ಲಿ ಕತ್ತಲಾಗುವವರೆಗೆ ಕೂತದ್ದು, ಬಂದು ಅಮ್ಮನಿಗೆ ಬಸ್ಸು ಸಿಗಲಿಲ್ಲ ಎಂದು ಸುಳ್ಳು ಹೇಳಿದ್ದು ಹೇಳಿದೆ. ಎರಡನೆಯ ಸಲ ಅದೇ ಪುಸ್ತಕವನ್ನು ಮಡಿಸಿದ ಬಲೆಯ ಮೇಲೆ ಕೂತು ಓದಿದ್ದು, ತರಗತಿಯಲ್ಲಿ ಪಕ್ಕದ ಹುಡುಗಿ ನನ್ನ ನೋಟ್ಸು ಎರವಲು ಕೇಳಿ, ಮೀನಿನ ವಾಸನೆಗೆ ಮರುದಿನವೇ ತಿರುಗಿ ಕೊಟ್ಟದ್ದು ಹೇಳಿದೆ. "ಇದೆಲ್ಲ ನಾನು ಮಾಡಿದ್ದು. ನೀನು ಇದ್ದರೂ ನೀನಲ್ಲ," ಎಂದು ಮುಗಿಸಿದೆ.

ಅಮ್ಮ ಕೈ ಮುಗಿದುಕೊಂಡೇ ಇದ್ದಳು. ಅವಳಿಗೆ ನದಿಯ ದಡದ ವಿಷಯ ಗೊತ್ತಿರಲಿಲ್ಲ, ನೋಟ್ಸಿನದ್ದೂ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗದೆ, ಕಲ್ಲಿನ ಕಡೆಯೇ ನೋಡಿಕೊಂಡು ಮಾತಾಡಿದಳು.

"ಅಜ್ಜ, ಪರೀಕ್ಷೆಗೆ ಹರಕೆ ಹೇಳಿಕೊಂಡಿದ್ದೆ ಅಂತ ನಾನು ಇವಳಿಗೆ ಹೇಳಿದ್ದು ಸುಳ್ಳು. ಇವಳ ಬಾಯಿ ಮುಚ್ಚಿಸ್ಲಿಕ್ಕೆ ಹೇಳಿದ್ದು. ಒಂದು ಪರೀಕ್ಷೆಗೂ ನಾನು ನಿನ್ನ ಹತ್ತಿರ ಬರ್ಲಿಲ್ಲ, ನಿನಗೆ ಗೊತ್ತುಂಟು. ಓದಿದ್ದು ಇವಳು. ನಾನು ಕಂಡಿದ್ದೇನೆ. ನಾನು ನಿನ್ನ ಹತ್ತಿರ ಕೇಳಿದ್ದು ಆ ಕಾಗದ ಒಂದನ್ನು ಮಾತ್ರ."

ಕಟ್ಟೆಯ ಎದುರು ಸುಳ್ಳು ಹೇಳಬಾರದು. ಅವಳು ಹೇಳಲಿಲ್ಲ.

ವಾಪಸು ನಡೆಯುವಾಗ ನಾನು, "ಮತ್ತೆ ಯಾಕೆ ಬರ್ಲಿಲ್ಲ ಪರೀಕ್ಷೆಗೆ? ಬುಟ್ಟಿ ಕಳೆದುಹೋದ್ರೂ ಬರ್ತಿ," ಎಂದು ಕೇಳಿದೆ.

"ನೀನು ಪಾಸಾಗ್ತಿ ಅಂತ ನನಗೆ ಗೊತ್ತಿತ್ತು," ಎಂದಳು. "ಗೊತ್ತಿದ್ದದ್ದಕ್ಕೆ ಯಾರಾದ್ರೂ ಹರಕೆ ಹೇಳ್ತಾರಾ?"

ಸೋಮವಾರ ಭಟ್ಟರಿಗೆ ಹೇಳಿದೆ. ಅವರು ಚಹಾ ಕೆಳಗಿಟ್ಟು, "ನೋಡು, ಅಜ್ಜನ ಎದುರು ಸತ್ಯ ಹೊರಬಂತು. ಅಂದ್ರೆ ಅಜ್ಜ ಉಂಟು ಅಂತ ಆಯ್ತು," ಎಂದರು.

"ಅಮ್ಮ ನಂಬುತ್ತಾಳೆ ಅಂತ ಆಯ್ತು. ಅಷ್ಟೇ."

"ನಿನಗೆ ಬೇಕಾದ ಸಾಕ್ಷಿ ಆ ನಂಬಿಕೆಯಿಂದಲೇ ಸಿಕ್ಕಿತಲ್ಲ ಮಾರಾಯ್ತಿ?"

ಅಜ್ಜ ಇದ್ದಾನೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅಮ್ಮನ ಬಾಯಿಯಿಂದ ಆ ಮಾತು ಹೊರಡಿಸಲು ಬೇರೆ ಯಾವ ಜಾಗದಲ್ಲೂ ಆಗುತ್ತಿರಲಿಲ್ಲ, ನಮ್ಮ ಅಡುಗೆಮನೆಯಲ್ಲಂತೂ ಖಂಡಿತ ಅಲ್ಲ. "ಅದು ಬೇರೆ ವಿಷಯ ಭಟ್ರೆ," ಎಂದು ಹೇಳಿ ಲೋಟ ತೊಳೆಯಲು ಎದ್ದೆ. ಅವರು ತಾವೇ ಎದ್ದು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ನನ್ನ ಮೇಲೆ ಕರುಣೆ ಬಂದಿರಬೇಕು.

ಕೊಟ್ಟ ತಾರೀಖಿಗೇ ಆಪರೇಷನ್ ಆಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚಿದರು. ಅಮ್ಮ ಗೋಡೆ ನೋಡಿದಳು, ಡಾಕ್ಟರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೀನು ಯಾವಾಗ ಇಷ್ಟು ಒಣಗಿದ್ದು ಮಗಾ? ಬ್ಯಾಂಕಿನವರು ಇವಳಿಗೆ ಊಟ ಕೊಡುವುದಿಲ್ಲವಾ ಅಂತ ಕೇಳುವ ಹಾಗೆ ಇದ್ದಿ."

"ಬ್ಯಾಂಕಿಗೆ ಇನ್ನೂ ಸೇರ್ಲಿಲ್ಲ ಅಮ್ಮ." ಸುಮ್ಮನಿರಲು ಆಗದೆ ಕೇಳಿದೆ, "ಕಣ್ಣು ಸರಿ ಮಾಡಿದ್ದು ಯಾರು ಈಗ?"

"ಡಾಕ್ಟರು."

ನಾನು ಡಾಕ್ಟರ ಮುಖ ನೋಡಿದೆ. ಅವರು ಏನೂ ಅರ್ಥವಾಗದೆ ನಕ್ಕರು.

"ಡಾಕ್ಟರ ಕೈ ನಡುಗದ ಹಾಗೆ ನೋಡಿಕೊಂಡದ್ದು ಅಜ್ಜ," ಎಂದು ಅವಳು ಮುಗಿಸಿದಳು.

"ಅದಕ್ಕೆ ಎಂತ ಪ್ರೂಫು?"

"ನಡುಗಲಿಲ್ಲವಲ್ಲ." ಡಾಕ್ಟರು ತಮ್ಮ ಕೈ ನೋಡಿಕೊಂಡರು. ಅಮ್ಮ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದಳು, "ಇದಕ್ಕೆ ಹೇಳಿಕೊಂಡದ್ದು ನನ್ನ ಹೆಸರಲ್ಲಿ. ನಿನ್ನ ಹೆಸರು ಎತ್ತಲಿಲ್ಲ. ನೀನು ಬರ್ಲಿಕ್ಕಿಲ್ಲ, ನೀನು ಬಂದ್ರೆ ಅಲ್ಲಿ ಭಾಷಣ ಮಾಡ್ತಿ."

ಆಮೇಲೆ ಡಾಕ್ಟರ ಕಡೆ ತಿರುಗಿ, ಎಡಗಣ್ಣಿನ ಮೇಲೆ ಅಂಗೈ ಮುಚ್ಚಿ ಹಿಡಿದು, "ಇದನ್ನು ಯಾವಾಗ ಮಾಡ್ತೀರಿ?" ಎಂದು ಅವಳೇ ತಾರೀಖು ಕೇಳಿದಳು.